ಒಂದು ಮಗುವಿನ ಮುಖ, ಒಂದು ಸಾವಿರ ರೂಪಾಯಿ



ಹಾಡುಗಳ ನಡುವೆ ನಾವು ಓದುವ ಆರೋಗ್ಯ ಪ್ರಕಟಣೆಗಳನ್ನು ನೀವು ಕೇಳಿರುತ್ತೀರಿ. ಉಚಿತ ನೇತ್ರ ತಪಾಸಣಾ ಶಿಬಿರವನ್ನು ಹಮ್ಮಿಕೊಳ್ಳಲಾಗಿದ್ದು, ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ! ಈ 'ಸದುಪಯೋಗ' ಇಲ್ಲದ ಪ್ರಕಟಣೆಯನ್ನು ನಾನು ಇಷ್ಟು ವರ್ಷದಲ್ಲಿ ಓದಿದ ನೆನಪಿಲ್ಲ. ಯಾವ ಗೇಟಿನಿಂದ ಒಳಗೆ ಹೋಗಬೇಕು, ಎಷ್ಟು ಗಂಟೆಯವರೆಗೆ ಚೀಟಿ ಕೊಡುತ್ತಾರೆ, ರೇಷನ್ ಕಾರ್ಡ್ ಬೇಕೋ ಬೇಡವೋ, ಅಲ್ಲಿ ಕನ್ನಡ ಬಲ್ಲವರು ಯಾರಾದರೂ ಇರುತ್ತಾರೋ ಇಲ್ಲವೋ, ಅದು ಮಾತ್ರ ಹೆಚ್ಚಿನ ಸಲ ಇರುವುದಿಲ್ಲ. ನಾವು ಓದುತ್ತೇವೆ, ನೀವು ಕೇಳುತ್ತೀರಿ, ಮುಂದಿನ ಹಾಡು ಶುರುವಾಗುತ್ತದೆ.

ಓದಿದ್ದು ಬೇಕಾದವರಿಗೆ ತಲುಪಿತೇ ಎಂದು ಯಾರಾದರೂ ಆಮೇಲೆ ಬಂದು ವಿಚಾರಿಸುತ್ತಾರೆಯೇ? ಒಂದು ಕಾಲದಲ್ಲಿ, ಇದೇ ನಮ್ಮ ದೇಶದಲ್ಲಿ, ಹಳ್ಳಿ ಹಳ್ಳಿಗೆ ಹೋಗಿ ವಿಚಾರಿಸಿದ್ದರು. ಆ ಕಥೆಯನ್ನು ಈ ಸಲ ನಿಮಗೆ ಹೇಳಬೇಕೆನಿಸಿದೆ. ಅದು ಸಿಡುಬಿನ ಕಥೆ.

ಆರಂಭ ನಮ್ಮ ಮುಂಬಯಿಯಲ್ಲೇ ಆಯಿತು. 1802ರ ಜೂನ್ 14ರಂದು ಇಲ್ಲಿ ಮೂರು ವರ್ಷದ ಒಂದು ಹೆಣ್ಣು ಮಗುವಿಗೆ ಲಸಿಕೆ ಹಾಕಿದರು. ಭಾರತದಲ್ಲಿ ಯಶಸ್ವಿಯಾದ ಮೊದಲ ಸಿಡುಬಿನ ಲಸಿಕೆ ಅದು. ಆದರೆ ಲಸಿಕೆ ಬಂದ ಮಾತ್ರಕ್ಕೆ ಜನ ತೋಳು ಒಡ್ಡುತ್ತಾರೆಯೇ? ಹಸುವಿನ ಸಿಡುಬಿನಿಂದ ಹುಟ್ಟಿದ ಮದ್ದು, ಪರಂಗಿಯವರ ಸೂಜಿ, ಅದೂ ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ. ಜಾತಿ ಕೆಡುತ್ತದೆ ಎಂಬ ಅಂಜಿಕೆ ಬೇರೆ.

ಇಲ್ಲಿ ಮೈಸೂರಿನ ಹೆಸರು ಬರುತ್ತದೆ. 1805ರ ಹೊತ್ತಿಗೆ ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದ ಮೂವರು ಹೆಂಗಸರ ಒಂದು ತೈಲಚಿತ್ರ ಬರೆದ. ಬಹಳ ಕಾಲ ಅದನ್ನು ನರ್ತಕಿಯರ ಚಿತ್ರವೆಂದೇ ತಿಳಿದಿದ್ದರು. ಅವರು ಮೈಸೂರು ಅರಮನೆಯ ಸ್ತ್ರೀಯರು, ಬಲಗಡೆಯಲ್ಲಿರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ, ಆಕೆ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಈ ವಾದ ನನಗೆ ಒಪ್ಪಿಗೆಯಾಗುತ್ತದೆ. ಅರಮನೆಯ ಹೆಂಗಸರು ಹೀಗೆ ಚಿತ್ರಕ್ಕೆ ನಿಲ್ಲುವುದು ಆ ಕಾಲದಲ್ಲಿ ಅಷ್ಟು ಸುಲಭದ ಮಾತಾಗಿರಲಿಲ್ಲ. 'ರಾಣಿಯೇ ಹಾಕಿಸಿಕೊಂಡಿದ್ದಾರೆ, ನಿಮಗೇನು ಭಯ?' ಎಂದು ಅಕ್ಷರವಿಲ್ಲದೆ ಹೇಳುವ ಜಾಹೀರಾತು. ಆದರೆ ತೈಲಚಿತ್ರ ಇರುವುದು ಒಂದೇ. ಅದನ್ನು ಎಷ್ಟು ಜನ ನೋಡಿಯಾರು?

ಮುಂದಿನ ನೂರೈವತ್ತು ವರ್ಷಗಳನ್ನು ಹಾರಿಸುತ್ತೇನೆ. ಸ್ವಾತಂತ್ರ್ಯ ಬಂದ ಮೇಲೂ ಸಿಡುಬು ಹೋಗಿರಲಿಲ್ಲ. 1962ರಲ್ಲಿ ಸರ್ಕಾರ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮ ಆರಂಭಿಸಿತು. ನೂರಕ್ಕೆ ಎಂಬತ್ತು ಜನರಿಗೆ ಲಸಿಕೆ ಹಾಕಿದರೆ ರೋಗ ತಾನಾಗಿ ನಿಲ್ಲುತ್ತದೆ ಎಂಬುದು ಲೆಕ್ಕಾಚಾರ. ಕೋಟಿಗಟ್ಟಲೆ ಲಸಿಕೆ ಹಾಕಿದ ವರದಿಗಳು ಬಂದವು, ರೋಗ ನಿಲ್ಲಲಿಲ್ಲ. ಸುಲಭವಾಗಿ ಕೈಗೆ ಸಿಗುವ ಶಾಲೆಯ ಮಕ್ಕಳಿಗೆ ಮತ್ತೆ ಮತ್ತೆ ಹಾಕಿ ಲೆಕ್ಕ ತುಂಬಿಸುತ್ತಿದ್ದರು. ಕೂಲಿಗೆ ಊರೂರು ಅಲೆಯುವವರು, ಗುಡಿಸಲಿನವರು, ಹಸುಗೂಸುಗಳು ತಪ್ಪಿಹೋಗುತ್ತಿದ್ದರು. ಹೀಗಾಗಿ ದಾರಿ ಬದಲಾಯಿತು. ಎಲ್ಲರಿಗೂ ಲಸಿಕೆ ಹಾಕುವ ಬದಲು ರೋಗ ಇರುವ ಮನೆಯನ್ನು ಮೊದಲು ಹುಡುಕು, ಅದರ ಸುತ್ತಲಿನವರಿಗೆಲ್ಲ ಹಾಕಿ ರೋಗ ದಾಟದಂತೆ ಬೇಲಿ ಕಟ್ಟು. 1973ರ ಹೊತ್ತಿಗೆ ದಕ್ಷಿಣದ ರಾಜ್ಯಗಳಲ್ಲಿ ಸಿಡುಬು ಬಹುಮಟ್ಟಿಗೆ ಇಳಿದಿತ್ತು. ಉಳಿದದ್ದು ಮುಖ್ಯವಾಗಿ ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳ, ಮಧ್ಯಪ್ರದೇಶಗಳಲ್ಲಿ.

ಹುಡುಕುವುದು ಹೇಗೆ? ಇಲ್ಲೇ ಭಾಷೆಯ ತೊಡಕು. ಇದನ್ನು ಪರಊರಿನಲ್ಲಿರುವ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಸಿಡುಬು ಎನ್ನುತ್ತೇವೆ, ಮೈಲಿ ಎನ್ನುತ್ತೇವೆ, ಅದಕ್ಕಿಂತ ಹೆಚ್ಚಾಗಿ 'ಅಮ್ಮ ಆಗಿದೆ' ಎನ್ನುತ್ತೇವೆ. ಮರಾಠಿಯಲ್ಲಿ ದೇವಿ. ತಮಿಳಿನಲ್ಲಿ ಪೆರಿಯಮ್ಮೈ, ತೆಲುಗಿನಲ್ಲಿ ಮಶೂಚಿ, ಹಿಂದಿಯಲ್ಲಿ ಚೇಚಕ್ ಅಥವಾ ಮಾತಾ, ಬಂಗಾಳಿಯಲ್ಲಿ ಬಸಂತ. ಈ 'ಅಮ್ಮ' ಎಂಬ ಮಾತೊಳಗೆ ಸೀತಾಳೆ ಸಿಡುಬೂ ಸೇರಿಕೊಳ್ಳುತ್ತದೆ, ಕೆಲವು ಕಡೆ ದಡಾರವೂ ಸೇರಿಕೊಳ್ಳುತ್ತದೆ. ಸಾಲದ್ದಕ್ಕೆ ದೇವಿಯ ಹೆಸರಾದ್ದರಿಂದ ಮನೆಯವರು ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಾರೆ. 'ನಿಮ್ಮ ಮನೆಯಲ್ಲಿ ಸಿಡುಬು ಇದೆಯೇ?' ಎಂದು ಬಾಗಿಲಲ್ಲಿ ನಿಂತು ಕೇಳಿದರೆ 'ಇಲ್ಲ' ಎಂಬ ಉತ್ತರ ಸುಳ್ಳೂ ಆಗಿರಬಹುದು, ನಿಜವಾಗಿ ಪ್ರಶ್ನೆಯೇ ಅರ್ಥವಾಗದಿರಬಹುದು.

ಅದಕ್ಕೆ ಸಿಕ್ಕ ಉಪಾಯ ಒಂದು ಕಾರ್ಡು. ಮುಖ ಮೈಯೆಲ್ಲ ಸಿಡುಬಿನ ಗುಳ್ಳೆಗಳಾದ ಒಂದು ಮಗುವಿನ ಬಣ್ಣದ ಫೋಟೋ, ಕೈಯಲ್ಲಿ ಹಿಡಿಯುವಷ್ಟು ದೊಡ್ಡದು. ಇಂಡೋನೇಷ್ಯಾದಲ್ಲಿ ಮೊದಲು ಬಳಕೆಗೆ ಬಂದ ಈ ಕಾರ್ಡನ್ನು ವಿಶ್ವ ಆರೋಗ್ಯ ಸಂಸ್ಥೆ ಊರೂರಿಗೆ ಹಂಚಿತು. ಹೆಸರೇ ಬೇಡ. ಕಾರ್ಡು ತೋರಿಸಿ, 'ಹೀಗಿರುವ ಮಗುವನ್ನು ಎಲ್ಲಾದರೂ ಕಂಡಿರಾ?' ಎಂದರೆ ಸಾಕು. ಸಂತೆಗಳಲ್ಲಿ ತೋರಿಸಿದರು, ಏಕೆಂದರೆ ಸಂತೆಗೆ ಸುತ್ತಲಿನ ಹತ್ತಾರು ಹಳ್ಳಿಯವರು ಬರುತ್ತಾರೆ. ಚಹಾದಂಗಡಿಗಳಲ್ಲಿ, ಇಟ್ಟಿಗೆ ಗೂಡುಗಳಲ್ಲಿ ತೋರಿಸಿದರು. ಶಾಲೆಗಳಲ್ಲಿ ತೋರಿಸಿದರು. ದೊಡ್ಡವರು ಮುಚ್ಚಿಡುವುದನ್ನು ಮಕ್ಕಳು ಹೇಳಿಬಿಡುತ್ತಾರೆ, ಇದು ಎಲ್ಲ ಮನೆಯಲ್ಲೂ ಉಂಟಲ್ಲ!

1973ರ ಅಕ್ಟೋಬರ್‌ನಲ್ಲಿ ಮೊದಲ ದೊಡ್ಡ ಹುಡುಕಾಟ ನಡೆಯಿತು. ಸರ್ಕಾರಿ ವರದಿಗಳಲ್ಲಿ ಅಲ್ಲೊಂದು ಇಲ್ಲೊಂದು ಎಂಬಂತಿದ್ದ ರೋಗ ಉತ್ತರ ಪ್ರದೇಶ, ಬಿಹಾರಗಳಲ್ಲಿ ಸಾವಿರಾರು ಮಂದಿಯಲ್ಲಿ ಸಿಕ್ಕಿತು. ಲೆಕ್ಕದಲ್ಲಿ ಇಲ್ಲದಿದ್ದವರು ಆಗ ಲೆಕ್ಕಕ್ಕೆ ಬಂದರು. 1974ರಲ್ಲಿ ದೇಶದಲ್ಲಿ ವರದಿಯಾದ ಸಿಡುಬಿನ ಪ್ರಕರಣಗಳು 1,88,003. ಈ ಅಂಕಿ ನೋಡಿ ಕಾರ್ಯಕ್ರಮ ಸೋತಿತು ಎಂದವರಿದ್ದರು, ಹಳೆಯ ಪದ್ಧತಿಗೇ ಮರಳೋಣ ಎಂದವರೂ ಇದ್ದರು. ರೋಗ ಹೆಚ್ಚಿದ್ದೂ ನಿಜವೇ. ಅದರ ಜೊತೆಗೆ ನೋಡುವ ಕಣ್ಣುಗಳೂ ಹೆಚ್ಚಿದ್ದವು. ಒಂದೊಂದು ಸುತ್ತಿನ ಹುಡುಕಾಟದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆರೋಗ್ಯ ಕಾರ್ಯಕರ್ತರು ಬಾಗಿಲು ಬಾಗಿಲು ತಟ್ಟುತ್ತಿದ್ದರು.

ಕಾರ್ಡಿನ ಜೊತೆಗೆ ಬಹುಮಾನ ಬಂತು. ಸಿಡುಬು ಇರುವ ಸುದ್ದಿಯನ್ನು ಮೊದಲು ತಂದವರಿಗೆ ಐವತ್ತು ರೂಪಾಯಿ, ಆಮೇಲೆ ನೂರು, 1975ರಲ್ಲಿ ಒಂದು ಸಾವಿರ! ಆ ಕಾಲಕ್ಕೆ ಸಾವಿರ ರೂಪಾಯಿ ಎಂದರೆ ಕೂಲಿಯವನಿಗೆ ತಿಂಗಳುಗಟ್ಟಲೆ ದುಡಿದರೂ ಸಿಗದ ಹಣ. ಗೋಡೆಗಳ ಮೇಲೆ ಬರೆಸಿದರು, ಧ್ವನಿವರ್ಧಕದಲ್ಲಿ ಸಾರಿಸಿದರು. ಬಂದ ಸುದ್ದಿಗಳಲ್ಲಿ ಬಹುಪಾಲು ಸೀತಾಳೆ ಸಿಡುಬಿನದೇ. ಆದರೂ ಪ್ರತಿಯೊಂದನ್ನೂ ಹೋಗಿ ನೋಡುತ್ತಿದ್ದರು.

ಇನ್ನು ಈ ಲೇಖನ ಬರೆಯಲು ನನ್ನನ್ನು ಕೂರಿಸಿದ ಸಂಗತಿಗೆ ಬರುತ್ತೇನೆ. ಹುಡುಕಾಟ ಮುಗಿದ ಮೇಲೆ ಇನ್ನೊಂದು ತಂಡ ಆಯ್ದ ಕೆಲವು ಹಳ್ಳಿಗಳಿಗೆ ಮತ್ತೆ ಹೋಗುತ್ತಿತ್ತು. ಅವರು ರೋಗವನ್ನಷ್ಟೇ ಅಲ್ಲ, ಸುದ್ದಿಯನ್ನೂ ಹುಡುಕುತ್ತಿದ್ದರು. ನಿಮ್ಮ ಮನೆಗೆ ಕಾರ್ಯಕರ್ತ ಬಂದಿದ್ದನೇ? ಈ ಕಾರ್ಡು ತೋರಿಸಿದ್ದನೇ? ಸಿಡುಬು ಕಂಡರೆ ಎಲ್ಲಿ ಹೋಗಿ ತಿಳಿಸಬೇಕು, ಗೊತ್ತೇ? ಬಹುಮಾನ ಎಷ್ಟು, ಗೊತ್ತೇ? ನೂರು ಜನರಲ್ಲಿ ಎಷ್ಟು ಜನಕ್ಕೆ ಗೊತ್ತಿದೆ ಎಂದು ಲೆಕ್ಕ ಬರೆದುಕೊಳ್ಳುತ್ತಿದ್ದರು. ಲೆಕ್ಕ ಕಡಿಮೆ ಬಂದ ಕಡೆ ತಪ್ಪು ಹಳ್ಳಿಯವರದಲ್ಲ, ಹೇಳಲು ಹೋದವರದು. ಮತ್ತೆ ಹೋಗಿ ಹೇಳಬೇಕು. 'ಎಷ್ಟು ಪೋಸ್ಟರ್ ಅಂಟಿಸಿದಿರಿ' ಎಂಬುದಕ್ಕಿಂತ 'ಎಷ್ಟು ಜನಕ್ಕೆ ಗೊತ್ತಾಯಿತು' ಎಂಬುದನ್ನು ಎಣಿಸಿದ್ದು ಸಣ್ಣ ಬದಲಾವಣೆ ಎನಿಸಬಹುದು. ಪ್ರಕಟಣೆ ಓದುವುದನ್ನೇ ಕಸುಬು ಮಾಡಿಕೊಂಡ ನನಗೆ ಹಾಗನಿಸುವುದಿಲ್ಲ.

ಎಲ್ಲವೂ ಹೂವಿನ ಹಾಸಿಗೆಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ರೋಗ ಇರುವ ಮನೆಯ ಬಾಗಿಲಿಗೆ ಹಗಲು ರಾತ್ರಿ ಕಾವಲು ಕೂರಿಸುತ್ತಿದ್ದರು. ಬೇಡವೆಂದವರನ್ನು ಹಿಡಿದು ಬಲವಂತವಾಗಿ ಲಸಿಕೆ ಹಾಕಿದ್ದೂ ಉಂಟು. ಪಾಲ್ ಗ್ರೀನೋ ಎಂಬ ಇತಿಹಾಸಕಾರ 1995ರಲ್ಲಿ ಬರೆದ ಲೇಖನದಲ್ಲಿ ಆ ದಬ್ಬಾಳಿಕೆಯನ್ನು ವಿವರವಾಗಿ ದಾಖಲಿಸಿದ್ದಾರೆ. ಬಾಗಿಲು ತಟ್ಟಿ ಕಾರ್ಡು ತೋರಿಸಿದವರೂ ಬಾಗಿಲು ಮುರಿದವರೂ ಒಂದೇ ಕಾರ್ಯಕ್ರಮದವರು. ಗೆದ್ದ ಕಥೆಯೆಂದು ಇದನ್ನು ಮರೆಸುವುದು ಸರಿಯಲ್ಲ.

1975ರ ಮೇ 24ರಂದು ಅಸ್ಸಾಮಿನ ಕರೀಮಗಂಜ್ ರೈಲು ನಿಲ್ದಾಣದಲ್ಲಿ ಕಂಡ ಪ್ರಕರಣವೇ ಈ ದೇಶದ ಕೊನೆಯದು. ಆ ಹೆಂಗಸು ಬಾಂಗ್ಲಾದೇಶದಿಂದ ಬಂದಿದ್ದರು. ಬಹುಮಾನ ಸಾವಿರಕ್ಕೇರಿದ ಮೇಲೆ ಬಂದ ಸುದ್ದಿಗಳಲ್ಲಿ ಸಿಡುಬೇ ಸಿಗಲಿಲ್ಲ. 1977ರ ಏಪ್ರಿಲ್‌ನಲ್ಲಿ ಭಾರತ ಸಿಡುಬಿನಿಂದ ಮುಕ್ತವಾಗಿದೆ ಎಂದು ಅಂತರರಾಷ್ಟ್ರೀಯ ಆಯೋಗ ದೃಢಪಡಿಸಿತು.

ಎಣಿಸುವ ಈ ಬುದ್ಧಿ ಪೋಲಿಯೊ ಕಾಲದಲ್ಲಿ ಮತ್ತೆ ಕೆಲಸಕ್ಕೆ ಬಂತು. 1995ರಿಂದ ದೇಶದಾದ್ಯಂತ ನಡೆದ ಪಲ್ಸ್ ಪೋಲಿಯೊದಲ್ಲಿ ಹನಿ ಹಾಕಿಸಿಕೊಂಡ ಮಗುವಿನ ಕಿರುಬೆರಳಿಗೆ ಶಾಯಿ, ಮನೆಯ ಗೋಡೆಗೆ ಸೀಮೆಸುಣ್ಣದ ಗುರುತು. ಎಲ್ಲ ಮಕ್ಕಳಿಗೂ ಆಗಿದ್ದರೆ 'ಪಿ', ಯಾರಾದರೂ ಉಳಿದಿದ್ದರೆ 'ಎಕ್ಸ್'. ಎಕ್ಸ್ ಇರುವ ಮನೆಗೆ ಮತ್ತೆ ಬರುತ್ತಿದ್ದರು. ರೈಲು ನಿಲ್ದಾಣ, ಬಸ್ ನಿಲ್ದಾಣಗಳಲ್ಲೂ ಬೂತ್ ಹಾಕಿದ್ದರು. ಕಲಬುರಗಿ, ಯಾದಗಿರಿ ಕಡೆಯಿಂದ ಗುಳೆ ಬಂದು ಇಲ್ಲಿ ಕಟ್ಟಡದ ಕೆಲಸ ಮಾಡುವವರ ಮಕ್ಕಳಿಗೆ ವಿಳಾಸ ಎಂಬುದು ಇರುವುದಿಲ್ಲ, ಆದರೆ ರೈಲು ಇಳಿಯುವ ಜಾಗ ಇರುತ್ತದೆ. ವೈಲ್ಡ್ ಪೋಲಿಯೊ ವೈರಸ್‌ನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ವರದಿಯಾಯಿತು. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಬಂತು.

ಅದಾಗಿ ಏಳು ವರ್ಷಕ್ಕೆ ಕೊರೊನಾ ಲಸಿಕೆ. 2021ರ ಮೇ 1ರಿಂದ 18ರಿಂದ 44 ವಯಸ್ಸಿನವರಿಗೆ ಲಸಿಕೆ ಎಂದರು, ಮೊದಲು ಕೋವಿನ್ ಜಾಲತಾಣದಲ್ಲಿ ಹೆಸರು ನೋಂದಾಯಿಸಲೇಬೇಕು ಎಂದರು. ಜಾಲತಾಣ ಇದ್ದದ್ದು ಇಂಗ್ಲಿಷಿನಲ್ಲಿ. ಹೋಟೆಲಿನ ಒಳಮನೆಯಲ್ಲಿ ಪಾತ್ರೆ ತೊಳೆಯುವ ಹುಡುಗ, ಕಟ್ಟಡ ಕಾಯುವ ವಾಚ್‌ಮನ್, ಸಾದಾ ಫೋನಿನ ಕೂಲಿಯವಳು ಏನು ಮಾಡಬೇಕು? ಸ್ಮಾರ್ಟ್ ಫೋನ್ ಇದ್ದವರು, ಬೆರಳು ಚುರುಕಾಗಿದ್ದವರು ನಗರ ಬಿಟ್ಟು ಹಳ್ಳಿಯ ಕೇಂದ್ರಗಳವರೆಗೂ ಹೋಗಿ ಹಾಕಿಸಿಕೊಂಡು ಬಂದರು. ಮೇ 31ರಂದು ಸುಪ್ರೀಂ ಕೋರ್ಟೇ ಈ ಅಂತರದ ಬಗ್ಗೆ ಕೇಂದ್ರವನ್ನು ಪ್ರಶ್ನಿಸಬೇಕಾಯಿತು. ಜೂನ್‌ನಲ್ಲಿ ಕನ್ನಡವೂ ಸೇರಿದಂತೆ ಕೆಲವು ಭಾಷೆಗಳು ಬಂದವು, ಜೂನ್ 21ರಿಂದ ಕೇಂದ್ರಕ್ಕೆ ನೇರವಾಗಿ ಹೋಗಿ ಹೆಸರು ಬರೆಸುವುದು ಎಲ್ಲ ಕಡೆ ಸಾಧ್ಯವಾಯಿತು. ಎಷ್ಟು ಡೋಸ್ ಹಾಕಿದೆವು ಎಂಬ ಲೆಕ್ಕ ದಿನವೂ ಪತ್ರಿಕೆಯಲ್ಲಿ ಬರುತ್ತಿತ್ತು. ಎಲ್ಲಿ ಹೋಗಬೇಕೆಂದು ಎಷ್ಟು ಜನರಿಗೆ ಗೊತ್ತಿಲ್ಲ ಎಂಬ ಲೆಕ್ಕವನ್ನು ಹಾಗೆ ದಿನವೂ ಹೊರಗಿಡುವುದನ್ನು ನಾನಂತೂ ನೋಡಲಿಲ್ಲ.

ಇನ್ನು ನಿಮ್ಮಿಂದ ಒಂದು ಕೆಲಸವಾಗಬೇಕು. ಐವತ್ತು ದಾಟಿದ ಕೇಳುಗರೇ, ನಿಮ್ಮ ತೋಳಿನ ಮೇಲೆ ಮೈಲಿ ಹಾಕಿಸಿಕೊಂಡ ಗುರುತು ಇದ್ದೀತು. ಆ ಮಗುವಿನ ಕಾರ್ಡನ್ನು ಶಾಲೆಯಲ್ಲೋ ಸಂತೆಯಲ್ಲೋ ನೋಡಿದ ನೆನಪಿದ್ದರೆ, ಊರು ಮತ್ತು ಇಸವಿ ಸಹಿತ ನಮಗೆ ಬರೆದು ಕಳಿಸಿ. ಹಾಗೆಯೇ, ನಾವು ಓದಿದ ಯಾವುದಾದರೂ ಪ್ರಕಟಣೆ ಕೇಳಿ ನೀವು ಆಸ್ಪತ್ರೆಗೋ ಶಿಬಿರಕ್ಕೋ ಹೋಗಿದ್ದರೆ, ಅಲ್ಲಿ ಹೋದ ಮೇಲೆ ಗೊತ್ತಾದ, ಆದರೆ ನಾವು ಹೇಳದೇ ಬಿಟ್ಟ ಸಂಗತಿ ಏನು ಎಂಬುದನ್ನೂ ಬರೆಯಿರಿ. ಪೋಸ್ಟ್ ಕಾರ್ಡಾದರೂ ಸರಿ.