ಬಿಲ್ ಕೀತ್: ಬ್ಯಾಂಜೊ ವಾದನ, ಲಿಪಿ ಮತ್ತು ಪಾಠ

ಬ್ಲೂಗ್ರಾಸ್ ಸಂಗೀತದ ಚರಿತ್ರೆ ಬರೆಯುವವರು ಬಿಲ್ ಕೀತ್ (1939–2015) ಅವರನ್ನು ಬಿಲ್ ಮನ್ರೋ ಮೇಳದ ಬ್ಯಾಂಜೊ ವಾದಕರೆಂದೇ ಗುರುತಿಸುತ್ತಾರೆ. ಆದರೆ ಆ ಮೇಳದಲ್ಲಿ ಅವರಿದ್ದದ್ದು 1963ರಲ್ಲಿ, ಒಂದು ವರ್ಷವೂ ತುಂಬದಷ್ಟು ಕಾಲ. ಅವರ ಪ್ರಭಾವದ ಮೂಲವನ್ನು ವೇದಿಕೆಗಿಂತ ಅವರ ಬರವಣಿಗೆಯಲ್ಲಿ ಹುಡುಕುವುದು ಸರಿ.

ಬಾಸ್ಟನ್‌ನಲ್ಲಿ ಹುಟ್ಟಿದ ಕೀತ್, ಆಮ್ಹರ್ಸ್ಟ್ ಕಾಲೇಜಿನಲ್ಲಿ ಓದಿದವರು. ಅಮೆರಿಕದ ದಕ್ಷಿಣದ ಬೆಟ್ಟಸೀಮೆಯ ವಾದಕರಂತೆ ಮನೆಯ ಹಿರಿಯರಿಂದ ಪಾಠಾಂತರವಾಗಿ ಅವರಿಗೆ ವಿದ್ಯೆ ಬರಲಿಲ್ಲ. ಜನಪದ ಗಾಯಕ ಪೀಟ್ ಸೀಗರ್ ಬರೆದ ಬ್ಯಾಂಜೊ ಕೈಪಿಡಿಯಿಂದ ಕಲಿಕೆ ಶುರುವಾಯಿತು. ಆಮೇಲೆ ಬ್ಯಾಂಜೊ ವಾದಕ ಅರ್ಲ್ ಸ್ಕ್ರಗ್ಸ್ ಅವರ ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿ, ಯಾವ ತಂತಿ, ಯಾವ ಮನೆ, ಯಾವ ಬೆರಳು ಎಂಬುದನ್ನು ಟ್ಯಾಬ್ಲೇಚರ್‌ನಲ್ಲಿ ಇಳಿಸಿಕೊಂಡರು. 1962ರಲ್ಲಿ ಆ ಬರಹವನ್ನು ಸ್ವತಃ ಸ್ಕ್ರಗ್ಸ್ ನೋಡಿ ಮೆಚ್ಚಿದರು. 1968ರಲ್ಲಿ ಸ್ಕ್ರಗ್ಸ್ ಹೆಸರಿನಲ್ಲಿ ಹೊರಬಂದ ಬೋಧನ ಗ್ರಂಥದ ಲಿಪಿಯ ಹಿಂದೆ ಇರುವುದು ಕೀತ್ ಅವರ ಶ್ರಮ.

ಸ್ಕ್ರಗ್ಸ್ ಶೈಲಿಯಲ್ಲಿ ಮೂರು ಬೆರಳುಗಳ ಮೀಟು ಒಂದೇ ಸಮನೆ ಸುತ್ತುತ್ತಿರುತ್ತದೆ. ಹಾಡಿನ ಸ್ವರಗಳು ಆ ಸುತ್ತಿನ ನಡುವೆ ಅಲ್ಲಲ್ಲಿ ಎದ್ದು ಕೇಳಿಸುತ್ತವೆ. ಪಿಟೀಲಿನ ಮಟ್ಟುಗಳನ್ನು ಒಂದು ಸ್ವರವೂ ಬಿಡದಂತೆ ನುಡಿಸಬೇಕೆಂಬುದು ಕೀತ್ ಹಟ. ಅವರು ಕಂಡ ದಾರಿ ವಿಚಿತ್ರವಾದದ್ದು. ಜಿ ಶ್ರುತಿಯಲ್ಲಿ ಎರಡನೆಯ ತಂತಿಯನ್ನು ಬಿಡಿಯಾಗಿ, ಅಂದರೆ ಯಾವ ಮನೆಯನ್ನೂ ಒತ್ತದೆ, ಮೀಟಿದರೆ ಬಿ ಸ್ವರ. ಮುಂದಿನ ಸಿ ಬರುವುದು ಮೂರನೆಯ ತಂತಿಯ ಐದನೆಯ ಮನೆಯಲ್ಲಿ. ಡಿ ಮತ್ತೆ ಬಿಡಿಯಾದ ಮೊದಲ ತಂತಿಯಲ್ಲಿ. ಇ ಎರಡನೆಯ ತಂತಿಯ ಐದನೆಯ ಮನೆಯಲ್ಲಿ. ಸ್ವರ ಮೇಲಕ್ಕೆ ಹೋಗುತ್ತಿದ್ದರೂ ಕೈ ತಂತಿಯಿಂದ ತಂತಿಗೆ ಹಿಂದುಮುಂದಾಗಿ ಜಿಗಿಯುತ್ತದೆ. ಹೀಗಾಗಿ ಒಂದೇ ಬೆರಳು ಎರಡು ಸಲ ಸಾಲಾಗಿ ಮೀಟಬೇಕಾಗುವುದಿಲ್ಲ, ವೇಗಕ್ಕೂ ಅಡ್ಡಿಯಿಲ್ಲ. ಲೆಕ್ಕ ಹಾಕಿ ಕಾಗದದ ಮೇಲೆ ಯೋಚಿಸುವ ಅಭ್ಯಾಸ ಇಲ್ಲದವನಿಗೆ ಇದು ಹೊಳೆಯುವುದು ಕಷ್ಟವೆಂದು ನನ್ನ ಊಹೆ.

ಮನ್ರೋ ತಮ್ಮ ಮೇಳದಲ್ಲಿ ಇನ್ನೊಬ್ಬ ‘ಬಿಲ್’ ಇರುವುದನ್ನು ಸಹಿಸದೆ, ವಿಲಿಯಂ ಬ್ರಾಡ್‌ಫರ್ಡ್ ಕೀತ್ ಅವರನ್ನು ‘ಬ್ರಾಡ್’ ಎಂದೇ ಕರೆದರು. ಕೀತ್ ಮೇಳ ಬಿಟ್ಟ ಕಾರಣ ಸಂಗೀತದ್ದಲ್ಲ. ‘ಹೂಟೆನಾನಿ’ ಟೆಲಿವಿಷನ್ ಕಾರ್ಯಕ್ರಮ ಸೀಗರ್ ಅವರನ್ನು ರಾಜಕೀಯ ಕಾರಣಕ್ಕೆ ಹೊರಗಿಟ್ಟಿತ್ತು. ಮನ್ರೋ ಮೇಳದ ಜೊತೆ ಅಲ್ಲಿ ನುಡಿಸಲು ಕೀತ್ ಒಪ್ಪಲಿಲ್ಲ. ಮುಂದೆ ಜಿಮ್ ಕ್ವೆಸ್ಕಿನ್ ಜಗ್ ಬ್ಯಾಂಡ್‌ನಲ್ಲಿ, 1973ರಲ್ಲಿ ಮ್ಯೂಲ್‌ಸ್ಕಿನ್ನರ್ ಮೇಳದಲ್ಲಿ ನುಡಿಸಿದರು. ನುಡಿಸುತ್ತಲೇ ತಂತಿಯ ಶ್ರುತಿಯನ್ನು ಇಳಿಸಿ ಏರಿಸಬಲ್ಲ ಬಿರಡೆಗಳನ್ನು ಡ್ಯಾನ್ ಬಂಪ್ ಜೊತೆ ರೂಪಿಸಿದ್ದೂ ಅವರೇ. ಶಿಬಿರಗಳಲ್ಲಿ, ಪಾಠದ ಮುದ್ರಿಕೆಗಳಲ್ಲಿ ಕೊನೆಯವರೆಗೂ ಕಲಿಸಿದರು.

ತಂತಿಯಿಂದ ತಂತಿಗೆ ಜಿಗಿಯುವ ಆ ವಾದನ ವಿಧಾನದ ಬಗ್ಗೆ ಒಂದು ತಕರಾರು ಉಳಿಯುತ್ತದೆ. ಬಾಬಿ ಥಾಂಪ್ಸನ್ ಎಂಬ ವಾದಕ 1950ರ ದಶಕದ ಕೊನೆಗೇ ಇಂಥದೇ ವಿಧಾನವನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದರು. ಆದರೂ ವಾದಕರ ಬಾಯಲ್ಲಿ ಇದು ‘ಕೀತ್ ಶೈಲಿ’. ಮನ್ರೋ ಮೇಳದ ಪ್ರಸಿದ್ಧಿ ಅದಕ್ಕೆ ಒಂದು ಕಾರಣವಿರಬಹುದು; ಥಾಂಪ್ಸನ್ ನ್ಯಾಶ್‌ವಿಲ್ಲಿನ ಸ್ಟುಡಿಯೊ ಕೆಲಸಕ್ಕೆ ಹೊರಳಿದಾಗ, ಕೀತ್ ತಮ್ಮ ವಿಧಾನವನ್ನು ಬಿಡಿಸಿ ಹೇಳುತ್ತ, ಕೈಹಿಡಿದು ಕಲಿಸುತ್ತ ಹೋದದ್ದು ಅದಕ್ಕಿಂತ ದೊಡ್ಡ ಕಾರಣ.