ಮಹಾಗನಿಯ ಹೊಳೆದಾರಿ

ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ಇಂದಿಗೂ ಜೋಪಾನವಾಗಿರುವ ಹದಿನೆಂಟನೆಯ ಶತಮಾನದ ಮಹಾಗನಿ ಪೀಠೋಪಕರಣಗಳನ್ನು ಕಂಡವರು, ಆ ಕೆಂಗಂದು ಮರದ ಮೇಲೆ ಉಳಿ ಮೂಡಿಸಿದ ಬಳ್ಳಿಗಳನ್ನು ಮೆಚ್ಚಿ, 1754ರಲ್ಲಿ ತನ್ನ ವಿನ್ಯಾಸಗ್ರಂಥವನ್ನು ಪ್ರಕಟಿಸಿದ ಥಾಮಸ್ ಚಿಪ್ಪೆಂಡೇಲನ ಹೆಸರನ್ನು ಗೌರವದಿಂದ ಉಚ್ಚರಿಸುವುದು ಸಹಜವೇ ಸರಿ. ಆದರೆ ಮರವನ್ನು ಕಾಡಿನಿಂದ ಕಡಲಿಗೆ ತಂದ ಹೊಳೆಯನ್ನೂ, ಅದನ್ನು ಹೊಳೆಗೆ ನೂಕಿದ ಕೈಗಳನ್ನೂ ಸ್ಮರಿಸದೆ ಆ ಕುರ್ಚಿಗಳ ಚರಿತ್ರೆ ಪೂರ್ಣವಾಗಲಾರದೆಂದು ನನ್ನ ದೃಢವಾದ ನಂಬಿಕೆ.

1721ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಅಮೆರಿಕದ ವಸಾಹತುಗಳ ಮರದ ಮೇಲಿನ ಸುಂಕವನ್ನು ತೆಗೆದುಹಾಕಿದ ತರುವಾಯ, ಮೊದಲು ಜಮೈಕಾದ ಮಹಾಗನಿಯೂ, ಅಲ್ಲಿ ದೊಡ್ಡ ಮರಗಳು ವಿರಳವಾದಂತೆ ಹೊಂಡುರಾಸ್ ಕೊಲ್ಲಿಯ ತೀರದ್ದೂ ಲಂಡನ್ನಿಗೆ ಬರತೊಡಗಿತು. ಇಂದಿನ ಬೆಲೀಜ್ ದೇಶವೇ ಆ ತೀರ. 1786ರ ಒಪ್ಪಂದದಲ್ಲಿ ಸ್ಪೇನ್ ಅಲ್ಲಿ ಮಹಾಗನಿ ಕಡಿಯಲು ಆಂಗ್ಲರಿಗೆ ಅನುಮತಿಯಿತ್ತಿತು. ಕೊಡಲಿ ಹಿಡಿದವರು ಮಾತ್ರ ಆಫ್ರಿಕದ ಮೂಲದ ಗುಲಾಮರು.

ಅವರ ವಿದ್ಯೆ ಸಾಮಾನ್ಯವಾದುದಲ್ಲ. ಆಗಸ್ಟ್ ತಿಂಗಳಿನಲ್ಲಿ, ಕಾಡನ್ನು ಬಲ್ಲ ಒಬ್ಬನು ಎತ್ತರವಾದ ಮರದ ತುದಿಗೇರಿ, ಆ ಋತುವಿನಲ್ಲಿ ಹಳದಿಗೆಂಪಿಗೆ ತಿರುಗುವ ಮಹಾಗನಿಯ ಎಲೆಗಳನ್ನು ದೂರದಿಂದಲೇ ಗುರುತಿಸಿ, ದಿಕ್ಕನ್ನು ಮನಸ್ಸಿನಲ್ಲಿಟ್ಟುಕೊಂಡು ಇಳಿದು, ದಟ್ಟಡವಿಯಲ್ಲಿ ದಾರಿ ತಪ್ಪದೆ ಆ ಮರದ ಬುಡವನ್ನು ಸೇರುತ್ತಿದ್ದನು. ಹಲಗೆಯಂತೆ ಚಾಚಿದ ಬೇರುಗಳನ್ನು ಬಿಟ್ಟು ಕಡಿಯಬೇಕಾದುದರಿಂದ, ಆಳೆತ್ತರಕ್ಕೂ ಮೇಲೆ ಅಟ್ಟಣೆ ಕಟ್ಟಿ, ಅದರ ಮೇಲೆ ನಿಂತು ಕೊಡಲಿ ಬೀಸುತ್ತಿದ್ದರು. ಚೌಕವಾಗಿ ಕೆತ್ತಿದ ದಿಮ್ಮಿಗಳನ್ನು, ಏಪ್ರಿಲ್-ಮೇ ತಿಂಗಳುಗಳಲ್ಲಿ ನೆಲ ಗಟ್ಟಿಯಾದಾಗ, ಎತ್ತುಗಳು ಹಗಲಿನ ಬಿಸಿಲನ್ನು ತಾಳಲಾರವಾದುದರಿಂದ ರಾತ್ರಿಯ ಹೊತ್ತು ಪಂಜುಗಳ ಬೆಳಕಿನಲ್ಲಿ ಬಂಡಿಗಳ ಮೇಲೆ ಹೊಳೆಯ ದಡಕ್ಕೆ ಸಾಗಿಸುತ್ತಿದ್ದರು. ಜೂನಿನ ಮಳೆಗೆ ಹೊಳೆಯುಬ್ಬಿದೊಡನೆ, ಒಡೆಯನ ಗುರುತನ್ನು ಹೊತ್ತ ದಿಮ್ಮಿಗಳು ನೆರೆಯ ಸೆಳವಿನಲ್ಲಿ ಹೊರಡುತ್ತಿದ್ದುವು. ಚಪ್ಪಟೆತಳದ ದೋಣಿಗಳಲ್ಲಿ ಹಿಂಬಾಲಿಸುವ ಆಳುಗಳು, ಕೊಂಬೆಗಳ ನಡುವೆ ಸಿಕ್ಕಿಕೊಂಡವನ್ನು ಬಿಡಿಸುತ್ತ ಮುಂದೆ ನಡೆಯುತ್ತಿದ್ದರು. ಬಹುದೂರ ಕೆಳಗೆ, ನದಿಗೆ ಅಡ್ಡಲಾಗಿ ಬಿಗಿದ, ‘ಬೂಮ್’ ಎನ್ನುವ ಕಬ್ಬಿಣದ ಸರಪಣಿ ಅವೆಲ್ಲವನ್ನೂ ತಡೆದು ನಿಲ್ಲಿಸುತ್ತಿದ್ದಿತು. ಬರೆಲ್ ಬೂಮ್ ಎಂಬ ಊರಿಗೆ ಹೆಸರು ಬಂದುದೇ ಅದರಿಂದ. ಅಲ್ಲಿಂದ ಗುರುತು ನೋಡಿ ಬೇರ್ಪಡಿಸಿ, ತೆಪ್ಪಗಳಾಗಿ ಬಿಗಿದು, ಸಮುದ್ರದಲ್ಲಿ ಕಾದಿರುವ ಹಡಗುಗಳಿಗೆ ಒಯ್ಯುತ್ತಿದ್ದರು.

1838ರಲ್ಲಿ ಗುಲಾಮಗಿರಿಯೇನೋ ಸಂಪೂರ್ಣವಾಗಿ ಕೊನೆಗೊಂಡಿತು. ಆದರೆ ಕ್ರಿಸ್‌ಮಸ್ ಹಬ್ಬದ ದಿನಗಳಲ್ಲಿ ಮುಂಗಡವನ್ನು ಕೈಗಿತ್ತು, ಅದು ಹಬ್ಬದಲ್ಲಿಯೇ ಕರಗಿದ ಮೇಲೆ ಕಾಡಿಗೆ ಕರೆದೊಯ್ದು, ಸಂಬಳದ ಒಂದು ಭಾಗವನ್ನು ಒಡೆಯನ ಅಂಗಡಿಯ ದುಬಾರಿ ಸಾಮಾನುಗಳ ರೂಪದಲ್ಲಿಯೇ ತೀರಿಸುವ ಪದ್ಧತಿ ಬೇರೂರಿದುದರಿಂದ, ಸ್ವತಂತ್ರನೆನಿಸಿದ ಕೂಲಿಯೂ ಅನೇಕ ವೇಳೆ ಸಾಲ ತೀರದೆಯೇ ಹೊಳೆಯಿಳಿದು ಊರಿಗೆ ಬರುತ್ತಿದ್ದನು.