ಸುರಿಯುವ ಕೈಗೆ ಪಾಠ ಬೇಡವೆ?

ಬಾರಿನಲ್ಲಿ ಮದ್ಯ ತಂದುಕೊಡುವ ಹುಡುಗನಿಗೆ ನಮ್ಮಲ್ಲಿ ‘ಸಪ್ಲೈಯರ್’ ಎಂದು ಹೆಸರು. ಆತ ಕೆಲಸ ಮಾಡುವ ಅಂಗಡಿಗೆ ಸರ್ಕಾರದ ಸನ್ನದು ಇದೆ. ಆತ ತರುವ ಬಾಟಲಿಗೆ ಅಬಕಾರಿ ಇಲಾಖೆಯ ಚೀಟಿ ಇದೆ. ಬಾಟಲಿಯ ಮೇಲೆ ಎಚ್ಚರಿಕೆಯ ಸಾಲೂ ಇದೆ. ಆದರೆ ಅದನ್ನು ಗ್ಲಾಸಿಗೆ ಸುರಿಯುವ ಕೈಗೆ ಮಾತ್ರ ಯಾವ ಶಿಕ್ಷಣವೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಎದುರಿಗೆ ಕುಳಿತವನಿಗೆ ಅಮಲೇರಿದೆ, ಇನ್ನು ಕೊಡಬಾರದು ಎಂಬುದು ಮೊದಲು ತಿಳಿಯುವುದು ಈ ಹುಡುಗನಿಗೇ. ತಿಳಿದರೂ ಅದನ್ನು ಹೇಳುವ ಬಗೆ ಯಾರೂ ಅವನಿಗೆ ಕಲಿಸಿಲ್ಲ.

ಅಮೆರಿಕದ ಹಲವು ರಾಜ್ಯಗಳಲ್ಲಿ ಮತ್ತು ಆಸ್ಟ್ರೇಲಿಯಾದಲ್ಲಿ ಪರಿಸ್ಥಿತಿ ಬೇರೆ. ಮದ್ಯ ಬಡಿಸುವ ಕೆಲಸಕ್ಕೆ ಸೇರುವವರು ಅಲ್ಲಿ ‘ಜವಾಬ್ದಾರಿಯಿಂದ ಮದ್ಯ ಬಡಿಸುವುದು’ ಹೇಗೆಂಬ ತರಬೇತಿ ಮುಗಿಸಿ ಪ್ರಮಾಣಪತ್ರ ತೋರಿಸಬೇಕು. ನಮ್ಮಲ್ಲಿ ಇಂಥದೊಂದು ಯೋಚನೆ ಏಕೆ ಬೆಳೆಯಲಿಲ್ಲ? ಇದಕ್ಕೆ ಉತ್ತರ ಹುಡುಕಲು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯ ಇತಿಹಾಸದಷ್ಟು ಒಳ್ಳೆಯ ಉದಾಹರಣೆ ಬೇರೊಂದು ಸಿಗಲಾರದು.

ಹಳೆಯ ಕಾಲದ ಹೊಣೆ

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಈ ನೆಲ ಒಮ್ಮೆ ಮೌರ್ಯರ ಆಳ್ವಿಕೆಯಲ್ಲಿತ್ತು ಎಂಬುದಕ್ಕೆ ಅವೇ ಸಾಕ್ಷಿ. ಪರಂಪರೆಯು ಮೌರ್ಯರ ಮಂತ್ರಿ ಕೌಟಿಲ್ಯನ ಹೆಸರಿನಲ್ಲಿ ಹೇಳುವ ‘ಅರ್ಥಶಾಸ್ತ್ರ’ದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ವಿವರಿಸುವ ಒಂದು ಅಧ್ಯಾಯವಿದೆ. ಗ್ರಂಥದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲದಿದ್ದರೂ ಅದರಲ್ಲಿರುವ ವಿಚಾರ ಮಾತ್ರ ಇಂದಿಗೂ ಬೆರಗು ಹುಟ್ಟಿಸುವಂಥದು. ನಡತೆ ಗೊತ್ತಿರುವವರಿಗೆ ಮಾತ್ರ, ಅದೂ ಅಲ್ಪ ಪ್ರಮಾಣದಲ್ಲಿ ಮದ್ಯ ಕೊಡಬೇಕು. ಪಾನಗೃಹದಲ್ಲಿ ಮಲಗಲು, ಕೂರಲು ಅನುಕೂಲವಿರಬೇಕು. ಅಮಲಿನಲ್ಲಿ ಮಲಗಿದ ಗಿರಾಕಿಯ ಒಡವೆ, ಬಟ್ಟೆ ಅಥವಾ ಹಣ ಕಳೆದುಹೋದರೆ ವ್ಯಾಪಾರಿಯೇ ಅದನ್ನು ತುಂಬಿಕೊಡಬೇಕು. ಅಷ್ಟೇ ಮೊತ್ತದ ದಂಡವನ್ನೂ ತೆರಬೇಕು.

ಅಂದರೆ ಕುಡಿದವನ ಗತಿಯೇನಾಯಿತು ಎಂಬುದಕ್ಕೆ ಕುಡಿಸಿದವನೂ ಉತ್ತರ ಹೇಳಬೇಕು ಎಂಬ ತತ್ವ ಅಲ್ಲಿದೆ. ಸುರಾಧ್ಯಕ್ಷ ತೆರಿಗೆಯನ್ನೂ ಎಣಿಸುತ್ತಿದ್ದ, ನಿಜ. ಆದರೆ ಎಣಿಕೆಯ ಜೊತೆಗೆ ಹೊಣೆಗಾರಿಕೆಯೂ ಇತ್ತು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೂ ಒಬ್ಬ. ಹೆಸರೇ ಹೇಳುವಂತೆ ಅವನದು ಹೆಂಡ ಮಾರುವ ಕಾಯಕ. ಆ ಕಾಯಕದವನೂ ಶರಣರ ಸಾಲಿನಲ್ಲಿ ಕುಳಿತು ವಚನ ಹೇಳಿದನೆಂಬುದು ಗಮನಾರ್ಹ. ಮಾರುವವನಿಗೂ ಒಂದು ನೀತಿ ಇರಬಹುದು ಎಂಬುದನ್ನು ನಮ್ಮ ನಾಡು ಅಷ್ಟು ಹಿಂದೆಯೇ ಒಪ್ಪಿತ್ತು ಎನ್ನಬಹುದು.

ಗುತ್ತೆಯ ಕಾಲ

ನಿಜಾಮರ ಆಳ್ವಿಕೆಯಲ್ಲಿ ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. ಕುಷ್ಟಗಿ ಮತ್ತು ಗಂಗಾವತಿ ತಾಲ್ಲೂಕುಗಳಲ್ಲಿ ಸರ್ಕಾರದ್ದೇ ಆಡಳಿತ. ಸೇಂದಿ ಮತ್ತು ಸಾರಾಯಿಯ ವರಮಾನ ಹೈದರಾಬಾದ್ ಸಂಸ್ಥಾನದ ಬೊಕ್ಕಸಕ್ಕೆ ದೊಡ್ಡ ಆಧಾರ. ಫಸಲಿ 1316ರಲ್ಲಿ, ಅಂದರೆ 1906-07ರಲ್ಲಿ, ಹೈದರಾಬಾದ್ ಅಬಕಾರಿ ಕಾಯ್ದೆ ಬಂತು. ಮಾರಾಟದ ಹಕ್ಕನ್ನು ಹರಾಜಿನಲ್ಲಿ ಹಿಡಿದವನು ಗುತ್ತೇದಾರ. ಈ ಪದ ಇಂದಿಗೂ ಕಲ್ಯಾಣ ಕರ್ನಾಟಕದಲ್ಲಿ ಮನೆತನದ ಹೆಸರಾಗಿ ಉಳಿದಿದೆ.

ಗುತ್ತೆಯ ಲೆಕ್ಕ ಸರಳವಾದುದು. ಹರಾಜಿನಲ್ಲಿ ಕೂಗಿದ ಹಣ ವರ್ಷದೊಳಗೆ ಹುಟ್ಟಬೇಕು, ಅದರ ಮೇಲೆ ಲಾಭವೂ ಬರಬೇಕು. ಇಂಥ ಏರ್ಪಾಟಿನಲ್ಲಿ “ಇವತ್ತಿಗೆ ಸಾಕು, ಮನೆಗೆ ಹೋಗಪ್ಪಾ” ಎಂದು ಹೇಳುವ ಮಾರಾಟಗಾರ ಗುತ್ತೇದಾರನ ಪಾಲಿಗೆ ನಷ್ಟದ ಬಾಬತ್ತು. ಸುರಿಯುವ ಕೈ ಎಷ್ಟು ಬೇಗ ಸುರಿದರೆ ಅಷ್ಟು ಒಳ್ಳೆಯದು.

ಇದೇ ಹೊತ್ತಿಗೆ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. 1865ರಲ್ಲಿ ಅಲ್ಲಿನ ಮದ್ಯದಂಗಡಿಗಳನ್ನು ಒಂದು ಸಾರ್ವಜನಿಕ ಹಿತದ ಕಂಪೆನಿಗೆ ವಹಿಸಲಾಯಿತು. ಮದ್ಯದ ಮಾರಾಟದಿಂದ ಅಂಗಡಿಯ ವ್ಯವಸ್ಥಾಪಕನಿಗೆ ಲಾಭ ಸಿಗದಂತೆ ನಿಯಮ ಮಾಡಿದರು. ಹೆಚ್ಚು ಸುರಿದರೆ ತನಗೇನೂ ಸಿಗದು ಎಂದಾದ ಮೇಲೆ ಕೈ ಬಿಗಿಹಿಡಿಯುವುದು ಸುಲಭ ಎಂಬುದು ಅದರ ತರ್ಕ.

ಮೂರು ಕಡೆ ನಿಷೇಧ

ಸ್ವಾತಂತ್ರ್ಯದ ನಂತರ ಈ ಸೀಮೆಯ ಸುತ್ತ ಒಂದು ವಿಚಿತ್ರ ಸನ್ನಿವೇಶ ಉಂಟಾಯಿತು. 1948ರ ಹೊತ್ತಿಗೆ ಮದರಾಸು ಪ್ರಾಂತ್ಯದಲ್ಲೆಲ್ಲ ಪಾನನಿರೋಧ ಜಾರಿಗೆ ಬಂದಿತ್ತು. ತುಂಗಭದ್ರೆಯ ಆಚೆ ದಡದ ಹೊಸಪೇಟೆ ಆಗ ಆ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1950ರಲ್ಲಿ ಮುಂಬಯಿ ಪ್ರಾಂತ್ಯವೂ ಸಂಪೂರ್ಣ ಪಾನನಿರೋಧ ಜಾರಿಗೊಳಿಸಿತು. ಪಶ್ಚಿಮದ ಗದಗ, ರೋಣ ಮತ್ತು ಉತ್ತರದ ಹುನಗುಂದ, ಬಾದಾಮಿ ಆ ಪ್ರಾಂತ್ಯಕ್ಕೆ ಸೇರಿದ್ದವು. ಹೈದರಾಬಾದ್ ರಾಜ್ಯ ಮಾತ್ರ ಅಂಥ ಸಾರ್ವತ್ರಿಕ ನಿಷೇಧಕ್ಕೆ ಮುಂದಾಗಲಿಲ್ಲ. ಹೀಗೆ ಮೂರು ಕಡೆ ನಿಷೇಧ, ನಡುವೆ ಅಬಕಾರಿ ಹರಾಜು. ಹೊಳೆ ದಾಟಿದರೆ ಅಪರಾಧವಾಗುವ ಕೆಲಸ ಈಚೆ ದಡದಲ್ಲಿ ಸರ್ಕಾರದ ವರಮಾನ!

ಮೇಲುನೋಟಕ್ಕೆ ಈ ಎರಡು ನೀತಿಗಳು ಪರಸ್ಪರ ವಿರುದ್ಧ. ಆದರೆ ಒಂದು ವಿಷಯದಲ್ಲಿ ಎರಡೂ ಒಂದೇ. ಹರಾಜಿನ ನೀತಿಗೆ ಬೇಕಾದುದು ಗುತ್ತೇದಾರನ ಹಣ. ನಿಷೇಧದ ನೀತಿಗೆ ಬೇಕಾದುದು ಅಂಗಡಿಯ ಬೀಗ. ಮದ್ಯ ಬಡಿಸುವವನಿಗೆ ಹೊಣೆ ಕಲಿಸುವ ಅಗತ್ಯ ಎರಡಕ್ಕೂ ಕಾಣಲಿಲ್ಲ.

1956ರ ಏಕೀಕರಣದ ನಂತರ ಬೇರೆ ಬೇರೆ ಕಾನೂನುಗಳ ಪ್ರದೇಶಗಳು ಒಂದೇ ರಾಜ್ಯದಡಿ ಬಂದವು. 1965ರ ಅಬಕಾರಿ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಚೌಕಟ್ಟು ಹಾಕಿತು. 1967ರಲ್ಲಿ ಪಾನನಿರೋಧವನ್ನು ಸಡಿಲಿಸಲಾಯಿತು. ಹರಾಜಿನ ಸಾರಾಯಿ 2007ರ ಜುಲೈ 1ರವರೆಗೆ ಉಳಿದಿತ್ತು. ಅಂದಿನಿಂದ ರಾಜ್ಯದಲ್ಲಿ ಸಾರಾಯಿ ನಿಷೇಧಗೊಂಡಿತು. ಆಮೇಲೆ ಉಳಿದದ್ದು ಮದ್ಯದಂಗಡಿ, ಬಾರು, ಕ್ಲಬ್ಬು ಮತ್ತು ವಸತಿಗೃಹಗಳ ಸನ್ನದುಗಳು.

ನಿಯಮ ಇದೆ, ಕಲಿಕೆ ಇಲ್ಲ

ಕಾನೂನು ಬಡಿಸುವವನ ಬಗ್ಗೆ ಪೂರ್ತಿ ಮೌನವಾಗಿದೆ ಎನ್ನುವಂತಿಲ್ಲ. ಅಮಲೇರಿದವನಿಗೆ ಮತ್ತು ಎಳೆಯ ವಯಸ್ಸಿನವನಿಗೆ ಮದ್ಯ ಕೊಡಬಾರದೆಂಬುದು ಸನ್ನದಿನ ಷರತ್ತು. ಆದರೆ ವಯಸ್ಸಿನ ವಿಷಯದಲ್ಲೇ ಗೊಂದಲವಿದೆ. 1965ರ ಕಾಯ್ದೆಯಲ್ಲಿ 18 ವರ್ಷವೆಂದಿದ್ದರೆ, 1967ರ ಸಾಮಾನ್ಯ ಷರತ್ತುಗಳ ನಿಯಮದಲ್ಲಿ 21 ವರ್ಷವೆಂದಿದೆ. ನಿಯಮವನ್ನೂ 18ಕ್ಕೆ ಇಳಿಸಲು 2023ರ ಜನವರಿಯಲ್ಲಿ ಸರ್ಕಾರ ಕರಡು ಪ್ರಕಟಿಸಿತು. ವಿರೋಧ ಬಂದಾಗ ಕೈಬಿಟ್ಟಿತು. ಕಾನೂನು ಬಲ್ಲವರೇ ಎರಡು ಸಂಖ್ಯೆಗಳ ನಡುವೆ ತಡವರಿಸುವಾಗ ಸಪ್ಲೈಯರ್ ಹುಡುಗ ಯಾವುದನ್ನು ಪಾಲಿಸಬೇಕು?

ಇನ್ನು ಯಾರು ಬಡಿಸಬಹುದು ಎಂಬ ಪ್ರಶ್ನೆಯೂ ನ್ಯಾಯಾಲಯದ ಮೆಟ್ಟಿಲೇರಿದೆ. ಸಾರ್ವಜನಿಕರು ಮದ್ಯ ಕುಡಿಯುವ ಸ್ಥಳದಲ್ಲಿ ಹೆಂಗಸರಾಗಲಿ, 25 ವರ್ಷದೊಳಗಿನ ಗಂಡಸರಾಗಲಿ ಕೆಲಸ ಮಾಡಬಾರದೆಂದು 1914ರ ಪಂಜಾಬ್ ಅಬಕಾರಿ ಕಾಯ್ದೆ ಹೇಳುತ್ತಿತ್ತು. ದೆಹಲಿಗೂ ಅನ್ವಯವಾಗುತ್ತಿದ್ದ ಈ ವಿಧಿಯನ್ನು ಅನುಜ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರ ಡಿಸೆಂಬರ್‌ನಲ್ಲಿ ಎತ್ತಿಹಿಡಿಯಲಿಲ್ಲ. ರಕ್ಷಣೆಯ ಹೆಸರಿನಲ್ಲಿ ಉದ್ಯೋಗದ ಬಾಗಿಲು ಮುಚ್ಚುವಂತಿಲ್ಲ ಎಂಬುದು ಆ ತೀರ್ಪಿನ ಸಾರ. ಬಾಗಿಲೇನೋ ತೆರೆಯಿತು, ಒಳಗೆ ಬಂದವರಿಗೆ ಪಾಠ ಹೇಳುವ ವ್ಯವಸ್ಥೆ ಮಾತ್ರ ಬರಲಿಲ್ಲ.

ಅಡುಗೆಮನೆಯ ಉದಾಹರಣೆ ನೋಡಿ. ಆಹಾರ ಸುರಕ್ಷತಾ ಪ್ರಾಧಿಕಾರದ ವ್ಯವಸ್ಥೆಯಂತೆ ಆಹಾರ ಮುಟ್ಟಿ ಕೆಲಸ ಮಾಡುವ ಪ್ರತಿ 25 ಜನರಿಗೆ ತರಬೇತಿ ಪಡೆದ ಮೇಲ್ವಿಚಾರಕ ಒಬ್ಬನಾದರೂ ಇರಬೇಕು. ಬಾರಿನ ಅಡುಗೆಮನೆಗೂ ಇದು ಅನ್ವಯ. ಚಿಕನ್ ಕಬಾಬ್ ಮಾಡುವವನಿಗೆ ಬೇಕಾದ ತಿಳಿವಳಿಕೆ ಕ್ವಾರ್ಟರ್ ತಂದಿಡುವವನಿಗೆ ಬೇಡವೆ?

ಕಲಿಸುವುದೇನು?

ಅಮೆರಿಕದಲ್ಲಿ 1982ರಲ್ಲಿ ಡಾ. ಮಾರಿಸ್ ಚಾಫೆಟ್ಜ್ ‘ಟಿಪ್ಸ್’ ಎಂಬ ತರಬೇತಿ ಕಾರ್ಯಕ್ರಮ ಆರಂಭಿಸಿದರು. ಅವರು ಆ ದೇಶದ ಮದ್ಯವ್ಯಸನ ಸಂಶೋಧನಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಮನೋವೈದ್ಯರು. 1980ರ ದಶಕದಲ್ಲೇ ಓರೆಗಾನ್ ರಾಜ್ಯ ಇಂಥ ತರಬೇತಿಯನ್ನು ಕಡ್ಡಾಯ ಮಾಡಿತು. ಕ್ಯಾಲಿಫೋರ್ನಿಯದಲ್ಲಿ 2022ರಿಂದ ಕಡ್ಡಾಯ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರ ಕಾಯ್ದೆಯಂತೆ ಪರೀಕ್ಷೆ ಪಾಸಾಗಿ ವೈಯಕ್ತಿಕ ಸನ್ನದು ಪಡೆದವರ ಅನುಮತಿಯಿಲ್ಲದೆ ಬಾರಿನಲ್ಲಿ ಮದ್ಯ ಮಾರುವಂತಿಲ್ಲ. ಓದಲು ಸಿಡ್ನಿಗೆ ಹೋಗಿ ಸಂಜೆ ರೆಸ್ಟೋರೆಂಟಿನಲ್ಲಿ ಮದ್ಯ ಬಡಿಸಲು ಹೊರಟ ಕನ್ನಡದ ಹುಡುಗ ಕೂಡ ಮೊದಲು ‘ಆರ್‌ಎಸ್‌ಎ’ ಪ್ರಮಾಣಪತ್ರ ಪಡೆಯಲೇಬೇಕು. ಅದೇ ಹುಡುಗ ಗಂಗಾವತಿಯಲ್ಲಿ ಕೆಲಸಕ್ಕೆ ನಿಂತರೆ ಏನೂ ಬೇಡ.

ಪಾಠದ ಮೊದಲ ಭಾಗ ಲೆಕ್ಕ. ನಮ್ಮ ವಿಸ್ಕಿ, ರಮ್‌ಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಮದ್ಯಸಾರ ಇರುತ್ತದೆ. 30 ಮಿಲಿಲೀಟರ್‌ನ ಒಂದು ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ. 180 ಮಿಲಿಲೀಟರ್‌ನ ಕ್ವಾರ್ಟರ್ ಎಂದರೆ ಆರು ಪೆಗ್ಗು, 60 ಗ್ರಾಂ. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ 40 ಗ್ರಾಂ, ಅಂದರೆ ನಾಲ್ಕು ಪೆಗ್ಗು. “ಬರೀ ಬಿಯರ್ ತಾನೆ” ಎನ್ನುವ ಮಾತು ಇಲ್ಲಿ ಸುಳ್ಳಾಗುತ್ತದೆ. ಯಕೃತ್ತು ಗಂಟೆಗೆ ಹೆಚ್ಚುಕಡಿಮೆ ಒಂದು ಪೆಗ್ಗಿನಷ್ಟನ್ನು ಮಾತ್ರ ಕರಗಿಸಬಲ್ಲದು. ಕಾಫಿಯಾಗಲಿ, ಮಜ್ಜಿಗೆಯಾಗಲಿ, ತಣ್ಣೀರ ಸ್ನಾನವಾಗಲಿ ಅದನ್ನು ಚುರುಕುಗೊಳಿಸಲಾರವು. ವಾಹನ ಓಡಿಸುವವನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. 60 ಕಿಲೊ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಬೇಗಬೇಗ ಎರಡು ಸಣ್ಣ ಪೆಗ್ ಕುಡಿದರೆ ಆ ಮಿತಿ ದಾಟಬಹುದು.

ಎರಡನೆಯ ಭಾಗ ಗುರುತಿಸುವುದು. ದನಿ ಏರುವುದು, ಮಾತು ತೊದಲುವುದು, ನೋಟು ಎಣಿಸಲು ತಡಕಾಡುವುದು, ಹೇಳಿದ್ದನ್ನೇ ಹೇಳುವುದು. ಮೂರನೆಯದು ಬಹಳ ಕಷ್ಟದ್ದು: ಇಲ್ಲವೆನ್ನುವುದು. ನಾಲ್ಕು ಜನರ ಎದುರು ಅವಮಾನಿಸಬಾರದು. ಜೊತೆಯಲ್ಲಿ ಕಡಿಮೆ ಕುಡಿದವನನ್ನು ಬದಿಗೆ ಕರೆದು ಹೇಳಬೇಕು. ನೀರು, ಊಟ ಮುಂದಿಡಬೇಕು. “ಅಣ್ಣಾ, ನಿನಗೆ ಹೆಚ್ಚಾಗಿದೆ” ಎನ್ನುವ ಬದಲು “ಅಣ್ಣಾ, ಕೊಟ್ಟರೆ ನಮ್ಮ ಸನ್ನದು ಹೋಗುತ್ತದೆ” ಎನ್ನಬೇಕು. ಬೈಕಿನ ಬದಲು ಆಟೊ ಕರೆಸಬೇಕು. ಹೇಳಿದ ಹುಡುಗನ ಬೆನ್ನಿಗೆ ಮಾಲೀಕ ನಿಲ್ಲಬೇಕು.

ಮೀಟರಿನ ಅಳತೆ

ಕುಷ್ಟಗಿಯ ಮೂಲಕ ರಾಷ್ಟ್ರೀಯ ಹೆದ್ದಾರಿ 50, ಕೊಪ್ಪಳದ ಮೂಲಕ 67 ಹಾದುಹೋಗುತ್ತವೆ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಆದೇಶಿಸಿತು. 2017ರಲ್ಲಿ ಸಣ್ಣ ಊರುಗಳಿಗೆ ದೂರ 220 ಮೀಟರಿಗೆ ಇಳಿಯಿತು. ಬಳಿಕ ಪಟ್ಟಣದ ಮಿತಿಯೊಳಗಿನ ಅಂಗಡಿಗಳಿಗೆ ವಿನಾಯಿತಿಯೂ ಸಿಕ್ಕಿತು. ಅಂಗಡಿ ಎಷ್ಟು ದೂರವಿರಬೇಕೆಂದು ಟೇಪು ಹಿಡಿದು ಅಳೆದೆವು. ಅಂಗಡಿಯೊಳಗೆ ಬೈಕಿನ ಕೀಲಿ ಮೇಜಿನ ಮೇಲಿಟ್ಟು ಕುಳಿತವನಿಗೆ ಎಷ್ಟನೆಯ ಪೆಗ್ ಕೊಡಲಾಯಿತು ಎಂದು ಕೇಳಲಿಲ್ಲ.

ತರಬೇತಿಯೊಂದೇ ಮದ್ದಲ್ಲ. 2019ರ ಜನವರಿಯಲ್ಲಿ ರಾಯಚೂರು ಸೇರಿದಂತೆ ಹಲವು ಜಿಲ್ಲೆಗಳ ಸಾವಿರಾರು ಹೆಂಗಸರು ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಕದ್ದು ಮಾರುವ ಮದ್ಯದಿಂದ ಮನೆ ಕಳೆದುಕೊಂಡವರಿಗೆ ಸಪ್ಲೈಯರ್ ಪಾಠದಿಂದ ಏನು ಬಂತು ಎಂದು ಅವರು ಕೇಳಿದರೆ ತಪ್ಪಿಲ್ಲ. ಸನ್ನದೇ ಇಲ್ಲದ ಕಡೆ ಪಾಠ ತಲುಪದು. ಅಲ್ಲಿ ಬೇಕಾದುದು ಇಲಾಖೆಯ ಕಣ್ಣು. ಮಾಲೀಕನ ಬೆಂಬಲ, ತಪಾಸಣೆ ಇಲ್ಲದಿದ್ದರೆ ಪ್ರಮಾಣಪತ್ರ ಗೋಡೆಯ ಮೇಲಿನ ಇನ್ನೊಂದು ಚೌಕಟ್ಟಾದೀತು.

ಆದರೂ ಸರ್ಕಾರ ಮದ್ಯದಿಂದ ವರಮಾನ ಪಡೆಯುತ್ತಿರುವವರೆಗೆ, ಸನ್ನದು ನವೀಕರಿಸುವಾಗ ನೌಕರರ ತರಬೇತಿಯ ಷರತ್ತೊಂದನ್ನು ಸೇರಿಸುವುದು ದುಬಾರಿಯ ಕೆಲಸವಲ್ಲ. ತಾಲ್ಲೂಕು ಕೇಂದ್ರದಲ್ಲಿ ವೈದ್ಯರೊಬ್ಬರು, ಅಬಕಾರಿ ಅಧಿಕಾರಿಯೊಬ್ಬರು ಒಂದು ದಿನ ಕುಳಿತು ಹೇಳಬಹುದಾದಷ್ಟೇ ಪಾಠ ಇದು. ಕುಡಿಸಿದವನಿಗೂ ಹೊಣೆಯುಂಟು ಎಂದು ‘ಅರ್ಥಶಾಸ್ತ್ರ’ ಬರೆದಿಟ್ಟಿತ್ತು. ಗುತ್ತೆಯ ಕಾಲ ಅದನ್ನು ಮರೆಸಿತು. ಗುತ್ತೆ ಹೋಗಿ ವರ್ಷಗಳೇ ಕಳೆದರೂ ನಾವಿನ್ನೂ ಅದನ್ನು ನೆನಪಿಸಿಕೊಂಡಿಲ್ಲ.